ಐದು ಪ್ಲೇಟುಗಳ ಕೆಳಗೆ

ಕೆಂಪು ಬರುತ್ತಿದೆ, ಕಪ್ಪು ಕನ್ನಡಕದ ಆಚೆ ಅಂಗಿಯ ಗುಂಡಿಯಷ್ಟು ಒಂದು ಚುಕ್ಕೆ, ಮೊದಲು ಮಾಸಲು, ಆಮೇಲೆ ಕಡು, ಸ್ಕ್ರೀನಿನಲ್ಲಿ ಇಪ್ಪತ್ತೆರಡು, ಇಪ್ಪತ್ತೊಂದು, ಜ್ವಾಲೆ ಉಕ್ಕನ್ನು ಕಾಯಿಸುವಷ್ಟು ಹೊತ್ತು ಯಂತ್ರವೂ ಅಲ್ಲಾಡುವುದಿಲ್ಲ ನಾನೂ ಅಲ್ಲಾಡುವುದಿಲ್ಲ, ಈ ಇಪ್ಪತ್ತು ಸೆಕೆಂಡುಗಳೇ ಕೆಟ್ಟವು, ಕೈ ಖಾಲಿಯಾದರೆ ತಲೆ ಓಡುತ್ತದೆ — ಮೊದಮೊದಲು ಈ ಹೊತ್ತಿನಲ್ಲಿ ಏನೋ ಒಂದು ಹಾಡು ಗುನುಗುತ್ತಿದ್ದೆ, ಭಾವ ಕ್ರೇನಿನ ಕೆಳಗಿನಿಂದ ಕೂಗುತ್ತಿದ್ದರು, ಲೋ, ಉಕ್ಕು ಕೆಂಪಾಗ್ತಿರೋದು ಜ್ವಾಲೆಗಲ್ಲ ಕಣೋ, ನಿನ್ನ ಹಾಡು ಕೇಳಿ ಸಿಟ್ಟಿಗೆ, ಆ ಸಾಲಿನವರೆಲ್ಲ ನಗುತ್ತಿದ್ದರು, ನಾನು ಬೇಕೆಂದೇ ಇನ್ನೂ ಗಟ್ಟಿಯಾಗಿ ಹಾಡುತ್ತಿದ್ದೆ. ಹನ್ನೊಂದು ದಿನವಾಯಿತು ಯಾರೂ ಕೂಗಿಲ್ಲ. ಹದಿನಾಲ್ಕು, ಹದಿಮೂರು. ಬೆಳಿಗ್ಗೆ ಫೋರ್ಮನ್ ಬಂದ, ನಾವೆಲ್ಲ ಗಡಿಯಾರ ಎನ್ನುವ ಮನುಷ್ಯ, ಮಾತಾಡುವಾಗಲೂ ಮಣಿಕಟ್ಟು ತಟ್ಟುತ್ತಲೇ ಇರುತ್ತಾನೆ, 4417 ಪ್ಲೇಟಿಂದ ಒಂದು ತುಂಡು ಕಟ್ ಮಾಡಪ್ಪ, ಮೇಲೆ ನಂಬರ್ ಹೊಡಿ, ಲ್ಯಾಬಿಗೆ ಹೋಗ್ಬೇಕು, ಉಕ್ಕು ಸರಿಯಿದೆ ಅಂತ ರಿಪೋರ್ಟ್ ಬಂದ್ರೆ ತನಿಖೆ ಮುಗೀತು, ಆಮೇಲೆ ದನಿ ಇಳಿಸಿ, ನಿಮ್ಮ ಭಾವನ ವಿಷಯ, ನಂಗೂ ಬೇಜಾರೇ, ಆದ್ರೆ ಏನ್ ಮಾಡಕ್ಕಾಗತ್ತೆ. ಅವನಿಗೆ ನಿಜವಾಗಿಯೂ ಬೇಜಾರಿದೆ, ಅದೇ ಕಷ್ಟ, ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಹಗುರಾಗುತ್ತಿದ್ದೆ. ಅವನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಮೂರು, ಎರಡು, ಈಗ ಆಮ್ಲಜನಕ ನುಗ್ಗಿತು, ಕಿಡಿ ಮೇಲಕ್ಕೆ ಚಿಮ್ಮಿತು, ಕೆಳಗೆ ತೂತು ಬಿದ್ದ ಸದ್ದು, ಜ್ವಾಲೆ ಉಗುಳುವ ಕಟಿಂಗ್ ಟಾರ್ಚು ಹೊರಟಿತು, ನೇರವಾಗಿ, ಹೊಸ ಬಟ್ಟೆ ಹರಿದ ಹಾಗೆ ಒಂದೇ ಸಮ ಶಬ್ದ, ಎಲ್ಲೂ ತಡವರಿಕೆಯಿಲ್ಲ, ಒಳ್ಳೆಯ ಉಕ್ಕಿನ ಶಬ್ದವೇ ಇದು, ಹದಿನಾರು ವರ್ಷ ಕೇಳಿದ್ದೇನೆ, ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.

ಅವತ್ತು ಅದು ಕೆಮ್ಮಿತ್ತು. ಅರ್ಧ ಸೆಕೆಂಡು, ಹೆಚ್ಚೇನಲ್ಲ, ಕಿವಿಯ ತೂತು ಕೊರೆಯುವಾಗ, ಕಿವಿ ಎಂದರೆ ನಮ್ಮ ಭಾಷೆ, ಭಾರದ ತೊಟ್ಟಿಗೆ ಬೆಸೆಯುವ ದಪ್ಪ ತುಂಡು, ಅದರ ತೂತಿಗೆ ಕೊಕ್ಕೆ ಹಾಕಿ ಭಾವ ಬೆಲ್ಟು ಕಟ್ಟುತ್ತಾರೆ, ಕ್ರೇನು ಎತ್ತುತ್ತದೆ, ಇಡೀ ತೊಟ್ಟಿಯ ಭಾರ ಆ ತೂತಿನ ಅಂಚಿನ ಮೇಲೆ — ಟಾರ್ಚು ಅಲ್ಲಿ ಒಮ್ಮೆ ಕೆಮ್ಮಿತು, ಕಿಡಿ ಕೆಳಕ್ಕೆ ಹೋಗುವ ಬದಲು ಹಿಂದಕ್ಕೆ ಉಗುಳಿತು, ಒಳಗೆ ಪದರ ಬಿಟ್ಟ ಪ್ಲೇಟು ಹಾಗೆ ಮಾಡುತ್ತದೆ, ಮೇಲಿಂದ ಗಟ್ಟಿ, ಮಧ್ಯದಲ್ಲಿ ಎರಡು ಹಾಳೆ ಅಂಟಿಸಿದ ಹಾಗೆ ಟೊಳ್ಳು, ಇದು ನನಗೆ ಗೊತ್ತು, ಚೆನ್ನಾಗಿ ಗೊತ್ತು, ಆದರೂ ಗ್ಯಾಸಿನ ಒತ್ತಡ ಇಳಿದಿರಬೇಕು ಅಂದುಕೊಂಡೆ, ಅಂದುಕೊಂಡೆನೋ ನನ್ನನ್ನೇ ನಂಬಿಸಿಕೊಂಡೆನೋ, ಮುಂದುವರಿಸು ಅನ್ನುವ ಬಟನ್ ಒತ್ತಿದೆ. ಕೆಲಸದ ಕಾರ್ಡಿನಲ್ಲಿ ಕಿವಿಗೆ 4417 ಪ್ಲೇಟು ಅಂತಿತ್ತು. 4417 ಅಂಗಳದಲ್ಲಿ ಐದು ಪ್ಲೇಟುಗಳ ಕೆಳಗೆ ಮಲಗಿತ್ತು, ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟು ಅದನ್ನು ತೆಗೆಯಬೇಕು, ಎತ್ತುವವರು ಭಾವ, ಭಾವ ಆಗಷ್ಟೇ ಡಬ್ಬಿ ಬಿಚ್ಚಿದ್ದರು, ಬಾಯಲ್ಲಿ ತುತ್ತು ಇಟ್ಟುಕೊಂಡೇ ಎದ್ದರು, ಎತ್ತಿಕೊಡ್ಲೇನೋ ಅಂದರು, ಬೇಡ, ನೀವು ಊಟ ಮಾಡಿ ಭಾವ ಅಂದೆ. ನೀವು ಊಟ ಮಾಡಿ ಭಾವ. ಎಷ್ಟು ಒಳ್ಳೆಯ ಮಾತು. ಗೋಡೆಗೆ ಒಂದು ಉಳಿಕೆ ತುಂಡು ಒರಗಿತ್ತು, ಅಷ್ಟೇ ದಪ್ಪ, ಅಳತೆಗೆ ಸರಿಹೋಗುತ್ತಿತ್ತು, ನಂಬರ್ ಇರಲಿಲ್ಲ, ನಂಬರಿದ್ದ ಮೂಲೆಯನ್ನು ಯಾವತ್ತೋ ಯಾರೋ ಕತ್ತರಿಸಿಕೊಂಡು ಹೋಗಿದ್ದರು, ಕತ್ತರಿಸುವ ಮುಂಚೆ ಉಳಿಯುವ ಭಾಗಕ್ಕೆ ನಂಬರ್ ಹೊಡೆದಿಡಬೇಕು, ಅದು ಮೊದಲ ದಿನ ಕಲಿಸುವ ಪಾಠ, ನಂಬರಿಲ್ಲದ ಉಕ್ಕು ಗುಜರಿಯೇ ಹೊರತು ಉಕ್ಕಲ್ಲ, ಹೊಸಬರಿಗೆ ನಾನೇ ಎಷ್ಟು ಸಲ ಭಾಷಣ ಬಿಗಿದಿಲ್ಲ, ಆ ನಂಬರ್ ಹೊಡೆಯದವನು ಯಾರೋ ಎಂದು ನೂರು ಸಲ ಶಪಿಸಿದ್ದೇನೆ, ನಾನೇ ಇರಬಹುದು. ಕತ್ತರಿಸಿದೆ. ಕೆಮ್ಮಿತು. ಬಿಸಿ ಆರುವ ಮುಂಚೆ ಅಂಕಿಯ ಉಳಿಗಳನ್ನು ತೆಗೆದು ಸುತ್ತಿಗೆಯಲ್ಲಿ ಹೊಡೆದೆ, ನಾಲ್ಕು, ನಾಲ್ಕು, ಒಂದು, ಏಳು. ಎಲ್ಲಿಂದಲೋ ಬಂದ ಪಾಪಿ ತುಂಡಿಗೆ ಒಂದು ಮರ್ಯಾದಸ್ಥ ಹೆಸರು ಸಿಕ್ಕಿತು. ಭಾವ ಡಬ್ಬಿ ತೊಳೆದುಕೊಂಡು ಬಂದರು, ಇಷ್ಟು ಬೇಗ ಮುಗೀತಾ ಅಂದರು, ಕೈ ಎತ್ತಿ ತೋರಿಸಿದೆ, ಕಲಾವಿದ ಕಣಯ್ಯಾ ನೀನು ಅಂದರು. ಆಮೇಲೆ ಮೂರು ದಿನಕ್ಕೆ ತೊಟ್ಟಿ ಎದ್ದಿತು, ಆಳೆತ್ತರ ಎದ್ದಿತು, ಕಿವಿ ಹರಿಯಿತು, ಭಾವ ಹಿಂದಕ್ಕೆ ಹಾರಿದರು, ಪೂರ್ತಿ ಹಾರಲಾಗಲಿಲ್ಲ, ಸೊಂಟದಿಂದ ಕೆಳಗೆ.

ಟಾರ್ಚು ಮೊದಲ ಮೂಲೆ ತಿರುಗಿತು, ಗೆರೆ ಹಾಕಿ ಎಳೆದ ಹಾಗೆ ತಿರುಗಿತು, ಎಷ್ಟು ಒಳ್ಳೆಯ ಪ್ಲೇಟು ಇದು, ಲ್ಯಾಬಿನವರು ಎಳೆದು ನೋಡುತ್ತಾರೆ, ಬಗ್ಗಿಸಿ ನೋಡುತ್ತಾರೆ, ಕೂದಲೆಳೆಯಷ್ಟೂ ಬಿರುಕು ಬಿಡುವುದಿಲ್ಲ, ಉಕ್ಕು ಗಟ್ಟಿ ಎಂದರೆ ಕಿವಿ ಹರಿದದ್ದು ವಾರೆ ಎಳೆತದಿಂದ, ವಾರೆ ಎಳೆತ ಎಂದರೆ ಬೆಲ್ಟು ವಾರೆ ಕಟ್ಟಿದ್ದು, ಬೆಲ್ಟು ಕಟ್ಟಿದವರು ಯಾರು, ಇಷ್ಟೇ ಲೆಕ್ಕ. ಹರಿದ ಕಿವಿಯನ್ನು ತೊಟ್ಟಿಯ ಸಮೇತ ಮರುದಿನವೇ ಗುಜರಿಗೆ ಹಾಕಿದರು, ದಾರಿಗೆ ಅಡ್ಡವಿತ್ತಲ್ಲ, ಇಷ್ಟು ಹೊತ್ತಿಗೆ ಕರಗಿ ಏನೋ ಆಗಿರುತ್ತದೆ, ಉಳಿದದ್ದು ಒಂದು ಫೋಟೊ, ಫೋಟೊದಲ್ಲಿ ನನ್ನ ನಾಲ್ಕು ಅಂಕಿ, ಸೊಟ್ಟವೂ ಅಲ್ಲ, ಓದಲು ಬರದಂತೆಯೂ ಇಲ್ಲ. ಆಸ್ಪತ್ರೆಯಲ್ಲಿ ಭಾವನ ಕೈಗಳು ಸುಮ್ಮನಿರುವುದಿಲ್ಲ, ಹೊದಿಕೆಯ ಅಂಚು ಹಿಡಿದು ಮಡಿಸುತ್ತವೆ, ಸುತ್ತು ಹಾಕುತ್ತವೆ, ಗಂಟು ಬಿಗಿಯುತ್ತವೆ, ಒಂದು ಸಲ ಎಳೆದು ನೋಡುತ್ತವೆ, ಎರಡು ಸಲ, ಮೂರು ಸಲ, ಬಿಚ್ಚುತ್ತವೆ, ಮತ್ತೆ ಮೊದಲಿಂದ, ಎಡಗಡೆ ಬೆಲ್ಟು ಒಂಚೂರು ವಾರೆ ಇತ್ತೇನೋ ಕಣೋ, ನಂಗೇ ನೆನಪಾಗ್ತಿಲ್ಲ, ನೀನು ಅಲ್ಲೇ ನಿಂತಿದ್ದೆಯಲ್ಲ, ನೋಡಿದ್ಯಾ. ನೋಡಲಿಲ್ಲ ಭಾವ ಅಂದೆ. ನೋಡಿದ್ದೆ. ಬೆಲ್ಟು ನೇರವಾಗಿತ್ತು, ಎರಡೂ ಕಡೆ ನೂಲು ಹಿಡಿದ ಹಾಗೆ ನೇರವಾಗಿತ್ತು. ಅಕ್ಕ ವರಾಂಡದಲ್ಲಿ ಹಿಡಿದು ನಿಲ್ಲಿಸಿದಳು, ಮನೇಲಿ ಬಟ್ಟೆ ಒಣಗಿಸೋ ಹಗ್ಗ ಕಟ್ಟಿದ್ರೂ ಮೂರು ಸಲ ಎಳೆದು ನೋಡೋ ಮನುಷ್ಯ ಕಣೋ, ನಾನು ನಗ್ತಿದ್ದೆ, ಹಗ್ಗಕ್ಕೆ ಬಟ್ಟೆ ಹಾಕ್ತೀರೋ ಆನೆ ಕಟ್ತೀರೋ ಅಂತ, ನೀನೇ ಹೇಳು, ಅವರು ತಪ್ಪು ಕಟ್ತಾರಾ, ಫ್ಯಾಕ್ಟರಿಯವರು ಹೇಳಿ ಹೇಳಿ ಈಗ ಅವರೇ ನಂಬ್ಕೊಂಡಿದಾರೆ, ರಾತ್ರಿಯೆಲ್ಲಾ ನಂದೇ ತಪ್ಪು ನಂದೇ ತಪ್ಪು ಅಂತಾರೆ. ಇಲ್ಲ ಅಕ್ಕ, ಭಾವ ತಪ್ಪು ಕಟ್ಟಲ್ಲ ಅಂದೆ. ಅಷ್ಟಾದರೂ ನಿಜ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು, ನೀನೊಬ್ಬನಾದ್ರೂ ಇದೀಯಲ್ಲ ಅಂದಳು, ಆ ಕೈಯನ್ನು ಕತ್ತರಿಸಿ ಅಲ್ಲೇ ಇಟ್ಟು ಬರಬೇಕು ಅನ್ನಿಸಿತು, ಆದರೆ ಬಿಡಿಸಿಕೊಂಡೆ, ಬಸ್ಸಿಗೆ ಹೊತ್ತಾಯಿತು ಅಂದೆ.

ಹೇಳುತ್ತೇನೆ. ಇವತ್ತು ಹೇಳುತ್ತೇನೆ. ಸಾರ್, ಆ ಕಿವಿ ಈ ಪ್ಲೇಟಿಂದಲ್ಲ, ಅಷ್ಟೇ, ಒಂದೇ ಉಸಿರಿನ ಮಾತು, ಕೆಲಸ ಹೋಗುತ್ತದೆ, ಹೋಗಲಿ, ಪೊಲೀಸರು ಬರುತ್ತಾರೆ, ಬರಲಿ, ಅಕ್ಕನ ಮುಖ — ಅಕ್ಕನ ಮುಖ ನೋಡುವುದು ಹೇಗೆ, ಭಾವ ಏನನ್ನುತ್ತಾರೆ, ಹೋಗ್ಲಿ ಬಿಡೋ ಅಂದುಬಿಟ್ಟರೆ, ಅವರು ಅಂಥವರೇ, ಹೋಗ್ಲಿ ಬಿಡೋ ಅಂದುಬಿಟ್ಟರೆ ನಾನು ಎಲ್ಲಿಗೆ ಹೋಗಲಿ. ಕೊನೆಯ ಅಂಚು ಬಿಟ್ಟಿತು, ತುಂಡು ಜಾಲರಿಯ ಮೇಲೆ ಕೂತ ಸದ್ದು, ಜ್ವಾಲೆ ಆರಿತು, ಎಷ್ಟು ನಿಶ್ಶಬ್ದ, ಇಕ್ಕಳದಲ್ಲಿ ಎತ್ತಿ ಬೆಂಚಿನ ಮೇಲಿಟ್ಟೆ, ಅಂಚು ಕನ್ನಡಿಯಂತಿದೆ, ಕಲಾವಿದ ಕಣಯ್ಯಾ ನೀನು. ಗಡಿಯಾರ ಬರುತ್ತಿದ್ದಾನೆ, ದೂರದಿಂದಲೇ ಮಣಿಕಟ್ಟು ತಟ್ಟುತ್ತಿದ್ದಾನೆ, ಆಯ್ತೇನಪ್ಪಾ, ಗಾಡಿ ಕಾಯ್ತಿದೆ, ಹತ್ತಿರ ಬರಲಿ, ಹತ್ತಿರ ಬಂದ ಮೇಲೆ ಹೇಳುತ್ತೇನೆ, ಅಷ್ಟರೊಳಗೆ ಉಳಿ ಕೈಗೆ ಬಂದಿದೆ, ಬಿಸಿ ಇರುವಾಗಲೇ ಹೊಡೆಯಬೇಕು, ಕೈಗೆ ಅಭ್ಯಾಸ, ನಾಲ್ಕು, ಇನ್ನೂ ಹೊತ್ತಿದೆ, ನಾಲ್ಕು, ಅವನು ಪಕ್ಕದಲ್ಲೇ ನಿಂತಿದ್ದಾನೆ, ಬಾಯಿ ತೆರೆದಿದ್ದೇನೆ, ಒಂದು, ಏನಪ್ಪಾ ಏನೋ ಹೇಳಕ್ ಬಂದೆ ಅಂದ, ಏನಿಲ್ಲ ಸಾರ್ ಅಂದಿತು ಯಾರದೋ ಗಂಟಲು, ಏಳು. ತುಂಡನ್ನು ಗೋಣಿಚೀಲದಲ್ಲಿ ಸುತ್ತಿ ತೆಗೆದುಕೊಂಡು ಹೋದ. ಮುಂದಿನ ಪ್ಲೇಟು ಯಂತ್ರಕ್ಕೆ ಏರಿದೆ, ಬಟನ್ ಒತ್ತಿದೆ, ಕೆಂಪು ಬರಬೇಕು, ಇಪ್ಪತ್ತೆರಡು, ಇಪ್ಪತ್ತೊಂದು, ಕೆಂಪು ಕಾಣುತ್ತಿಲ್ಲ, ಗಾಜಿನ ಆಚೆ ಬಿಳಿ ಹೊದಿಕೆ, ಅದರ ಅಂಚು ಹಿಡಿದ ಎರಡು ಕೈಗಳು, ಸುತ್ತು ಹಾಕುತ್ತವೆ, ಗಂಟು ಬಿಗಿಯುತ್ತವೆ, ಎಳೆದು ನೋಡುತ್ತವೆ, ಒಂದು ಸಲ, ಎರಡು ಸಲ, ಮೂರು ಸಲ, ನೇರವಾಗಿದೆ ಭಾವ, ನೇರವಾಗಿಯೇ ಇದೆ, ಬಿಚ್ಚುತ್ತವೆ, ಮತ್ತೆ ಸುತ್ತುತ್ತವೆ, ಒಂದು ಸಲ, ಎರಡು ಸಲ