ಕಾಲು ಕೆಳಗಿಡಬೇಡ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಇಸ್ತ್ರಿಯಮ್ಮನ ಮನೆಯಲ್ಲಿ ಎರಡೂ ಕಾಲ ಸೊಸೆಯದೇ. ಬಸುರಿಯೆಂದು ತಿಳಿದ ಮೇಲೆ ಅವಳಿಗೆ ಒಂದು ಕಡ್ಡಿ ಎತ್ತಿ ಆಚೆಗಿಡಲೂ ಅತ್ತೆ ಬಿಡಲಿಲ್ಲ.

ಕಾರಣವಿತ್ತು. ಇಸ್ತ್ರಿಯಮ್ಮ ಲಾಂಡ್ರಿಯಲ್ಲಿ ಬಟ್ಟೆಗೆ ಇಸ್ತ್ರಿ ತಿಕ್ಕುತ್ತ, ನಿಂತೇ ಆಯಸ್ಸು ಸವೆಸಿದವಳು. ತುಂಬು ಬಸುರಿಯಾಗಿದ್ದಾಗಲೂ ಮಾಲೀಕ ಒಂದು ಸ್ಟೂಲ್ ಕೊಟ್ಟ ಪುಣ್ಯಾತ್ಮನಲ್ಲ. ಎರಡು ಬಸಿರು ಆ ಇಸ್ತ್ರಿ ಮೇಜಿನ ಮುಂದೆಯೇ ಇಳಿದುಹೋದವು. ಉಳಿದವನು ಒಬ್ಬ ಮಗ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ.

ಆಸ್ಪತ್ರೆಯಲ್ಲಿ ನರ್ಸ್ ಒಂದು ದಿನ ಬಸುರಿಯರನ್ನು ಬೆಂಚಿನ ಮೇಲೆ ಕೂರಿಸಿ, ಪಾದ ಹೇಗೆ ಆಡಿಸಬೇಕೆಂದು ತೋರಿಸಿದಳು. "ದಿನಾ ಸ್ವಲ್ಪ ಹೊತ್ತು ನಡೀಬೇಕು. ಸುಮ್ನೆ ಮಲಗಿದ್ರೆ ಕಾಲಲ್ಲಿ ರಕ್ತ..." ಅಷ್ಟರಲ್ಲಿ ಇಸ್ತ್ರಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸೊಸೆಯ ಕೈ ಹಿಡಿದು ಎಬ್ಬಿಸಿಕೊಂಡು ಹೊರಟೇಬಿಟ್ಟಳು.

"ಪೂರ್ತಿ ಕೇಳೋಣ ಅತ್ತೆ."

"ಕೇಳೋದೇನು? ಅವಳು ಸಂಬಳಕ್ಕೆ ಹೇಳ್ತಾಳೆ. ಹೋದ್ರೆ ಹೋಗೋದು ನಮ್ಮ ಕೂಸು."

ಮನೆಗೆ ಬಂದವಳೇ ಸೊಸೆಯ ಚಪ್ಪಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಸೊಸೆ ನಕ್ಕಳು. "ಲಾಂಡ್ರಿ ಬಟ್ಟೆ ಥರ ನನ್ನನ್ನೂ ಮಡಚಿಟ್ಟುಬಿಟ್ರಿ."

"ಹೆತ್ತ ಮೇಲೆ ಊರೆಲ್ಲ ಸುತ್ತು ಕಣಮ್ಮ. ಈಗ ಕಾಲು ಕೆಳಗಿಡಬೇಡ."

ಸೊಸೆ ಹಟ ಮಾಡಲಿಲ್ಲ. ತಾಯಿಯಿಲ್ಲದೆ ಬೆಳೆದ ಹುಡುಗಿ. ಇಷ್ಟು ಅಕ್ಕರೆಯಿಂದ ಯಾರೂ ಅವಳನ್ನು ಗದರಿಸಿರಲಿಲ್ಲ. ಮಲಗಿದಳು. ಊಟವೂ ಹಾಸಿಗೆಗೇ ಬರುತ್ತಿತ್ತು. ಅಕ್ಕಪಕ್ಕದವರು, ಇಂಥ ಅತ್ತೆ ಸಿಗಲು ಏಳು ಜನ್ಮದ ಪುಣ್ಯ ಬೇಕು ಎಂದರು. ಹೇಳುವವರಿಗೇನು ಕಷ್ಟ!

ಎಂಟನೇ ತಿಂಗಳಲ್ಲಿ ಅವಳ ಎಡಗಾಲು ಮಾತ್ರ ಊದಿಕೊಂಡಿತು. ಮೀನಖಂಡ ಮುಟ್ಟಿದರೆ ಬಿಸಿ.

"ನೋಯ್ತಿದೆ ಅತ್ತೆ."

"ಬಸಿರಲ್ಲಿ ಕಾಲು ಊದೋದು ಇದ್ದದ್ದೇ. ನನಗೂ ಊದ್ತಿತ್ತು."

ಇಸ್ತ್ರಿಯಮ್ಮ ಎಣ್ಣೆ ಬೆಚ್ಚಗೆ ಮಾಡಿ ತಂದು, ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೀವತೊಡಗಿದಳು. ಗಟ್ಟಿ ಕೈ ಅವಳದು. ಪಾದದಿಂದ ಮೇಲಕ್ಕೆ, ಮತ್ತೆ ಪಾದದಿಂದ ಮೇಲಕ್ಕೆ, ಸುಕ್ಕು ಬಿಡಿಸುವವಳಂತೆ ಒತ್ತಿದಳು. ಮಗುವಿಗೆ ಯಾರ ಮೂಗು ಬರುತ್ತದೆಂದು ಇಬ್ಬರೂ ತಮಾಷೆ ಮಾಡುತ್ತಿದ್ದರು. ನಗುತ್ತಿದ್ದ ಸೊಸೆ ತಟ್ಟನೆ ಎದೆ ಹಿಡಿದುಕೊಂಡಳು. "ಅತ್ತೆ, ಉಸಿರು..." ಎಂದಳು. ಮುಂದೆ ಮಾತು ಬರಲಿಲ್ಲ.

ಮಗ ಕೆಲಸ ಬಿಟ್ಟು ಓಡಿ ಬರುವಷ್ಟರಲ್ಲಿ ಆಂಬುಲೆನ್ಸ್ ಆಸ್ಪತ್ರೆ ಸೇರಿತ್ತು. ಡಾಕ್ಟರು ಹೊಟ್ಟೆ ಕೊಯ್ದು ಮಗುವನ್ನು ಉಳಿಸಿದರು. ತಾಯಿ ಉಳಿಯಲಿಲ್ಲ.

ಅದೇ ನರ್ಸ್ ಹೊರಗೆ ಬಂದಳು. "ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗಿದೆ. ಕಾಲು ಯಾರಾದ್ರೂ ಒತ್ತಿದ್ರಾ?"

ಮಗ ಅಮ್ಮನ ಮುಖ ನೋಡಿದ. ಅವಳ ಬೆರಳುಗಳಲ್ಲಿ ಎಣ್ಣೆಯ ಜಿಡ್ಡು ಇನ್ನೂ ಇತ್ತು.

"ನಾನೇ" ಎಂದಳು.

"ಒಂದೇ ಕಾಲು ಊದಿದ್ರೆ ಒತ್ತಬೇಡಿ, ಕೂಡಲೇ ಬನ್ನಿ ಅಂತ ಅವತ್ತು ಎಲ್ರಿಗೂ ಹೇಳಿದ್ನಲ್ಲಮ್ಮ."

ಹೇಳಿದ್ದಳೇನೋ. ಆದರೆ ಇಸ್ತ್ರಿಯಮ್ಮ ಅಷ್ಟರಲ್ಲಿ ಬಾಗಿಲು ದಾಟಿದ್ದಳು, ಸೊಸೆಯನ್ನೂ ದಾಟಿಸಿದ್ದಳು.

ಕೆಲವು ದಿನಗಳ ನಂತರ ಆಸ್ಪತ್ರೆಯ ಆಯಾ ಕೂಸನ್ನು ತಂದು ಅವಳ ಮಡಿಲಿಗಿಟ್ಟಳು. ಹೆಣ್ಣು. ಬಟ್ಟೆ ಸರಿದಿತ್ತು, ಕಾಲೆರಡನ್ನೂ ಒಂದೇ ಸಮನೆ ಒದೆಯುತ್ತಿತ್ತು. ಆಯಾ ಕಾಲು ಸೇರಿಸಿ ಬಿಗಿಯಾಗಿ ಸುತ್ತಲು ಬಗ್ಗಿದಳು.

"ಬೇಡ ಕಣಮ್ಮ, ಕಾಲು ಕಟ್ಬೇಡ" ಎಂದು ಇಸ್ತ್ರಿಯಮ್ಮ ಕಿರುಚಿದಳು. ತಾನು ಮಾತ್ರ ಆ ಕಾಲನ್ನು ಮುಟ್ಟಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಕುಳಿತಿದ್ದಳು.