ಎಡಗೈಯ ಕುಡುಗೋಲು

ಚಿತ್ರದ ಕೆಳಗಿನ ಚೀಟಿ ಟೈಪ್ ಮಾಡಿದವಳು ನಾನೇ. ಅದಕ್ಕೇ ಸಿಟ್ಟು ಮೊದಲು ನನ್ನ ಮೇಲೇ ಬಂತು. ಚಿತ್ರ ಬರೆದ ಸೋಫಿಯಾ ಮೇಡಂ ಹೇಳಿದ್ದನ್ನು ಹೇಳಿದ ಹಾಗೆ ಹೊಡೆದಿದ್ದೆ: ‘ನೆಲದ ಹೆಣ್ಣು. ಗೋವೆಯ ಸುಗ್ಗಿ. ಎಣ್ಣೆಬಣ್ಣ.’ ಅವ್ವನ ಹೆಸರೆಲ್ಲಿ ಎಂದು ಕೇಳಲು ಬಾಯಿ ತೆರೆದೆ, ಮುಚ್ಚಿದೆ. ಬಿ.ಎ. ಮಾಡಿದ್ದೇನೆ, ಮಾತು ಮಾತ್ರ ಕಲಿತಿಲ್ಲ.

ಅವ್ವ, ಚಂದವ್ವ, ಒಂಬತ್ತು ಐತವಾರ ಫಾತೋರ್ಡಾದಿಂದ ಫೋಂಡಾಕ್ಕೆ ಹೋಗಿ ಮೇಡಂ ಮನೆಯ ಅಂಗಳದಲ್ಲಿ ಬಗ್ಗಿ ನಿಂತಿದ್ದಳು. ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದರಲ್ಲಿ ಒಣ ಭತ್ತದ ಹಿಡಿ. ಮೇಡಂ ಅವಳನ್ನು ಮೊದಲು ಕಂಡದ್ದು ಕಟ್ಟಡದ ಕೆಲಸದಲ್ಲಿ, ಉಸುಕು ಸಾಣಿಸುವಾಗ. ಚಿತ್ರದಲ್ಲಿ ನಿಲ್ಲಿಸಿದ್ದು ಗದ್ದೆಯಲ್ಲಿ. ಮಗಳು ಓದಿದ್ದಾಳೆಂದು ಅವ್ವ ಹೇಳಿದ್ದಕ್ಕೇ ಪಣಜಿಯ ಅವರ ಗ್ಯಾಲರಿಯಲ್ಲಿ ನನಗೆ ಈ ಕೆಲಸ ಸಿಕ್ಕಿತು. ಚಿತ್ರಕ್ಕೆ ನಿನ್ನ ಹೆಸರೇ ಇಡುತ್ತೇನೆ ಎಂದೂ ಮೇಡಂ ಅವಳಿಗೆ ಮಾತು ಕೊಟ್ಟಿದ್ದರು.

ಇಪ್ಪತ್ತೆರಡು ವರ್ಷದಿಂದ ಈ ಊರಿನಲ್ಲಿ ಅವ್ವನಿಗಿದ್ದ ಹೆಸರು ‘ಏ ಘಾಟಿ’, ಘಟ್ಟದ ಮೇಲಿಂದ ಬಂದ ಕೂಲಿಯವಳೆಂಬ ಬೈಗುಳ. ಹಾಗಾಗಿ ಆ ಮಾತನ್ನು ಅವಳು ನಮ್ಮ ಸಾಲಿನ ಮನೆಮನೆಗೂ ಹೇಳಿ ಬಂದಿದ್ದಳು. ಪಕ್ಕದ ಮನೆಯ ನೀಲವ್ವ ಬಿಡುತ್ತಾಳೆಯೇ?

“ಗ್ವಾಡಿಗೆ ಮೊಳಿ ಹೊಡದು ನಿನ್ನ ಜೋತ ಬಿಡತಾರೇನ ಚಂದಕ್ಕ?”

“ಬಿಡ್ಲಿ ತಗೋ. ಕೆಳಗ ಹೆಸರ ಬರದಿರ್ತಾರಲ್ಲ.”

ಶನಿವಾರ ಸಂಜೆ ಪ್ರದರ್ಶನ ಶುರುವಾಯಿತು. ಅವ್ವ ಇಳಕಲ್ಲ ಸೀರೆ ಉಟ್ಟು ಬಂದಿದ್ದಳು. ಕರೆದವರ ಪಟ್ಟಿಯಲ್ಲಿ ಹೆಸರಿಲ್ಲವೆಂದು ವಾಚ್‌ಮನ್ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿದ. ಗಾಜಿನ ಬಾಗಿಲಿನಿಂದ ನೋಡಿದೆ. ಕೈಯಲ್ಲಿ ಶರಬತ್ತಿನ ಟ್ರೇ ಇತ್ತು. ಟ್ರೇ ಕೆಳಗಿಡಲಿಲ್ಲ. ಇದನ್ನು ಬರೆಯುವಾಗಲೂ ಹಲ್ಲು ಕಚ್ಚಿಕೊಳ್ಳುತ್ತಿದ್ದೇನೆ.

ಚಿತ್ರ ಗೋಡೆ ತುಂಬ ಇತ್ತು. ಆಕಾಶ ಹಳದಿ ಚಪ್ಪಡಿಯ ಹಾಗೆ, ಗದ್ದೆ ಹಸಿರು ಕಪ್ಪು ತುಂಡುಗಳಾಗಿ. ನಡುವೆ ಮುಖವಿಲ್ಲದ ಹೆಂಗಸು, ಎತ್ತಿದ ಕೈಯಲ್ಲಿ ಕುಡುಗೋಲು, ಅವಳ ಬಲ ಹೆಗಲು ಎಡಕ್ಕಿಂತ ಗೇಣು ಕೆಳಗೆ ಜಾರಿದೆ. ಬಂದವರೆಲ್ಲ ಆ ಹೆಗಲ ಮುಂದೆಯೇ ನಿಲ್ಲುತ್ತಿದ್ದರು. ಎಂಥ ಧೈರ್ಯದ ಗೆರೆ ಎಂದು ಒಬ್ಬರು. ಈ ಓರೆಯೇ ಇಡೀ ಚಿತ್ರ ಎಂದು ಇನ್ನೊಬ್ಬರು. ಇದು ಹೇಗೆ ಹೊಳೆಯಿತು ಎಂದು ಬಿಳಿಗಡ್ಡದ ಮುದುಕರು ಕೇಳಿದಾಗ ಮೇಡಂ ನಕ್ಕರು. ಮೊದಲು ಹೆಗಲು ನೆಟ್ಟಗೇ ಇತ್ತಂತೆ. ಮಣ್ಣಿನ ಭಾರ ತೋರಿಸಲು ತಿಂಗಳುಗಟ್ಟಲೆ ಒದ್ದಾಡಿ ಕೊನೆಗೆ ತಾವೇ ಅದನ್ನು ಬಾಗಿಸಿದರಂತೆ.

“ಸುಳ್ಳು,” ಅಂದೆ.

ಕೊಂಕಣಿಯಲ್ಲಿ ಅಂದೆ, ಎಲ್ಲರಿಗೂ ತಿಳಿಯಲಿ ಎಂದು. “ಆ ಹೆಗಲು ನಮ್ಮವ್ವನದು. ಸ್ಲ್ಯಾಬು ಹಾಕುವಾಗ ಸೆಂಟ್ರಿಂಗ್ ಹಲಗೆ ಜಾರಿ ಮುರಿದದ್ದು. ಊರಿಗೆ ಹೋಗಿ ಕಟ್ಟಿಸಿದಳು, ಎಲುಬು ಓರೆಯಾಗಿಯೇ ಕೂಡಿತು. ನೀವು ಬಾಗಿಸಿದ್ದಲ್ಲ. ಅವಳು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಳೆ.”

ಯಾರಾದರೂ ನಾಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಮುದುಕರ ಕಣ್ಣು ಅರಳಿತು. ಮೇಡಂ ಒಂದು ಗಳಿಗೆ ಬಿಳಿಚಿದರು, ಆಮೇಲೆ ಅವರೇ ಓಡಿ ಹೋಗಿ ಅವ್ವನನ್ನು ಭುಜ ಹಿಡಿದು ಕರೆತಂದರು. ಹೆಸರು ಯಾರೂ ಕೇಳಲಿಲ್ಲ. ಚಿತ್ರದ ಪಕ್ಕ ನಿಲ್ಲಿಸಿ ಎಲ್ಲರೂ ಮೊಬೈಲು ಎತ್ತಿದರು. ಚಿತ್ರದಲ್ಲಿರುವ ಹಾಗೆ ಕೈ ಎತ್ತಮ್ಮ, ಆ ಕೈ ಅಲ್ಲ, ಬಲಗೈ ಎಂದರು.

ಅವ್ವ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ದೊಡ್ಡವರು ಹೇಳುತ್ತಾರಲ್ಲ ಎಂದು, ಬಲಗೈ ಎತ್ತಿದಳು. ಎದೆಯ ತನಕ ಬಂತು, ನಿಂತಿತು. ತುಟಿ ಕಚ್ಚಿ ಮತ್ತೆ ಎತ್ತಿದಳು. ಯಾರೋ ಮೆಲ್ಲಗೆ “ಬ್ಯೂಟಿಫುಲ್” ಅಂದರು.

ಟ್ರೇ ಅಲ್ಲೇ ನೆಲಕ್ಕಿಟ್ಟೆ. ಅವ್ವನ ಕೈ ಹಿಡಿದು ಕೆಳಗಿಳಿಸಿದೆ. ಗೋಡೆಯ ಚೀಟಿ ಕಿತ್ತುಕೊಂಡೆ. ಸೋಮವಾರ ಬಾ, ಮಾತಾಡುವುದಿದೆ ಎಂದು ಮೇಡಂ ಹಿಂದಿನಿಂದ ತಣ್ಣಗೆ ಹೇಳಿದ್ದು ಕೇಳಿಸಿತು.

ಮಡಗಾಂವ ಬಸ್ಸಿನಲ್ಲಿ ಅವ್ವ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವಳಿಗೆ ಓದು ಬಾರದು.

“ನನ್ನ ಹೆಸರ ಎಲ್ಲೈತಿ ಇದರಾಗ?”

“ಇಲ್ಲಬೇ.”

ಬಸ್ಸು ಜುವಾರಿ ಸೇತುವೆ ದಾಟಿತು. “ಇರದಿದ್ದದ್ದ ಚಲೋ ಆತು,” ಅಂದಳು ಆಮೇಲೆ. “ಚಿತ್ರದಾಗಿನಾಕಿ ಬಲಗೈಯಾಗ ಕುಡಗೋಲ ಹಿಡದಾಳ. ಆ ಹೆಗಲಿದ್ದಾಕಿ ಬಲಗೈಲೆ ಹೆಂಗ ಕೊಯ್ತಾಳ? ಒಂಬತ್ತ ಐತವಾರ ನಾ ಎಡಗೈಯಾಗ ಹಿಡದ ನಿಂತಿದ್ನಿ. ನಿಮ್ಮ ಮೇಡಂಗ ಅಷ್ಟೂ ಕಾಣಲಿಲ್ಲೇನು?”

“ನೀಲವ್ವ ಕೇಳಿದ್ರ ಏನಂತಿ?”

“ಅಕಿ ನಾ ಅಲ್ಲ ಅಂತೇನಿ. ಖರೇನ ಐತಲ್ಲ.”

ಕಿಟಕಿಯ ಗಾಜು ಗಡಗಡ ಅಲುಗುತ್ತಿತ್ತು. ಅವ್ವ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಡಗೈಯಿಂದ ಅದರ ಸಂದಿಗೆ ತುರುಕಿದಳು. ಸದ್ದು ನಿಂತಿತು. ಅವಳಿಗೆ ಕೂತಲ್ಲೇ ನಿದ್ದೆ ಬಂತು.

ನನಗೆ ಬರಲಿಲ್ಲ. ಸೋಮವಾರ ಹೋಗುತ್ತೇನೆ. ಮಾತಾಡುವುದು ನನಗೂ ಇದೆ.