ಗಾಡಿ ಒಬ್ಬರದು, ಚೀಟಿ ಇನ್ನೊಬ್ಬರದು

ಬೇಡಕಿಹಾಳದ ಧರೆಪ್ಪ ಮಗದುಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಚಿಕ್ಕೋಡಿಯ ಡಾಕ್ಟರು ಹೇಳಿದ ಸುದ್ದಿ ಧರೆಪ್ಪನಿಗಿಂತ ಮೊದಲೇ ಊರು ಮುಟ್ಟಿತ್ತು. ಅವನು ಬಸ್ಸಿಳಿದು, ಜೊತೆಗಿದ್ದ ಹೆಂಡತಿಯನ್ನು ಮನೆಗೆ ಕಳಿಸಿ, ಚಹಾದಂಗಡಿಯ ಕಟ್ಟೆಗೆ ಬರುವಷ್ಟರಲ್ಲಿ ಬಾಲ್ಯದ ಗೆಳೆಯ ಜ್ಞಾನದೇವ ಮಾತು ಜೋಡಿಸಿಕೊಂಡು ಕೂತಿದ್ದ.

"ಏನ್ ಧರೆಪ್ಪಾ, ಇಷ್ಟ್ ವರ್ಸ ಕಬ್ಬ ಬೆಳದಿ, ಸಕ್ಕರಿ ಪೂರಾ ಕಾರಖಾನಿಗೆ ಹೋಗಿಲ್ಲ ಬಿಡು. ಒಂದೀಟು ನಿನ್ನ ಒಳಗ ಉಳ್ಕೊಂಡೈತಿ!"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಧರೆಪ್ಪ ಬಿಸಿಯಾದ. "ನಗ್ರಿ ಮಕ್ಕಳ್ರ್ಯಾ. ಸಾಲ್ಯಾಗಿದ್ದಾಗ ನನ್ನ ಮುಂದ ಓಡಾಂವ ಒಬ್ಬಾಂವ ಇರಲಿಲ್ಲ. ಈಗೂ ಓಡಿ ತೋರಿಸ್ತೀನಿ."

ಜ್ಞಾನದೇವ ಮೊಬೈಲು ತೆಗೆದು ಧರೆಪ್ಪನ ಮೂಗಿನ ಮುಂದೆ ಹಿಡಿದ. ಬರುವ ಜನವರಿಯಲ್ಲಿ ನಿಪ್ಪಾಣಿಯಲ್ಲಿ ಐವತ್ತು ದಾಟಿದವರಿಗಾಗಿ ಐದು ಕಿಲೋಮೀಟರ್ ಓಟ. ಪ್ರವೇಶ ಉಚಿತ. "ಓಡು ಹಂಗಾರ. ಆದ್ರ ಹೆಸರು ಆನ್‌ಲೈನ್‌ನ್ಯಾಗ ಹಚ್ಚಬೇಕಂತ. ಓಡೂದಕಿಂತ ಅದ ತ್ರಾಸ ಐತಿ ನಿನಗ."

ಮೊದಲಿನ ಮಾತಿಗಿಂತ ಈ ಮಾತು ಧರೆಪ್ಪನಿಗೆ ಹೆಚ್ಚು ನಾಟಿತು.

ಮನೆಯಲ್ಲಿ ಯಾರಿಗೂ ಹೇಳಬಾರದೆಂದು ಅವನು ದಾರಿಯಲ್ಲೇ ತೀರ್ಮಾನಿಸಿದ. ಹೆಂಡತಿ ಗಿರಿಜವ್ವನಿಗೆ ಗೊತ್ತಾದರೆ ನಗುತ್ತಾಳೆ. ಅವಳು ನಕ್ಕರೆ ಅರ್ಧ ಓಣಿಗೆ ಕೇಳಿಸುತ್ತದೆ. ಮರುದಿನ ಮಧ್ಯಾಹ್ನ ಗಿರಿಜವ್ವ ಹೊಲಕ್ಕೆ ಹೋಗಿದ್ದಳು, ಸೊಸೆ ರೂಪಾಲಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಪಡಸಾಲೆಯ ಮೇಜಿನ ಮೇಲೆ ರೂಪಾಲಿಯ ಲ್ಯಾಪ್‌ಟಾಪು ಇತ್ತು. ಕೊಲ್ಹಾಪುರದ ಮರಾಠಿ ಪೇಪರು ಓದಲಿಕ್ಕೆ ಅದನ್ನು ತೆರೆಯುವುದು ಧರೆಪ್ಪನಿಗೆ ರೂಢಿಯಿತ್ತು. ಜ್ಞಾನದೇವ ತೋರಿಸಿದ್ದ ಓಟದ ಹೆಸರನ್ನು ಒಂದು ಬೆರಳಿನಿಂದ ಕುಟ್ಟಿದ. ಓಟದ ಪುಟ ತೆರೆಯಿತು. ಓದುವುದಕ್ಕೆ ಮೊದಲೇ ಕೆಳಗಿನಿಂದ ಒಂದು ಪಟ್ಟಿ ಮೇಲೆದ್ದು ನಿಂತಿತು:

"ನಿಮಗೆ ಉತ್ತಮ ಅನುಭವ ನೀಡಲು ನಾವು ಕುಕೀಸ್ ಬಳಸುತ್ತೇವೆ. ಒಪ್ಪುತ್ತೀರಾ?"

ಕುಕೀಸ್ ಎಂದರೆ ನಿಪ್ಪಾಣಿಯ ಬೇಕರಿಯಲ್ಲಿ ಸಿಗುವ ದಪ್ಪ ಬಿಸ್ಕತ್ತು ಎಂಬುದು ಅವನಿಗೆ ಗೊತ್ತಿತ್ತು. ಓಟ ಮುಗಿದ ಮೇಲೆ ಹಂಚುತ್ತಾರೇನೋ. ಡಾಕ್ಟರು ಬಿಸ್ಕತ್ತು ಮುಟ್ಟಬೇಡಿ ಎಂದಿದ್ದರು. ಬೇಡ ಎನ್ನಲು ಎಲ್ಲಿ ಒತ್ತಬೇಕೆಂದು ಹುಡುಕಿದ. 'ಒಪ್ಪಿದೆ' ಎಂಬುದು ಹಸಿರು ಬಣ್ಣದಲ್ಲಿ ಅಂಗೈಯಗಲ ಇತ್ತು. ಬೇಡವೆನ್ನುವವರಿಗೆ ಜಾಗವೇ ಕಾಣಲಿಲ್ಲ. ಬೀಗರ ಮನೆಯಲ್ಲಿ ಹೋಳಿಗೆ ಬಡಿಸಿದಂತೆ ಇದು, ಒಲ್ಲೆನೆಂದರೂ ಬಿಡುವುದಿಲ್ಲ ಅಂದುಕೊಂಡು ಹಸಿರನ್ನೇ ಒತ್ತಿದ. ಬಿಸ್ಕತ್ತು ಕೊಟ್ಟರೆ ಜ್ಞಾನದೇವನಿಗೆ ದಾಟಿಸಿದರಾಯಿತು.

ಪಟ್ಟಿ ಸರಿದು, "ಮತ್ತೆ ಸ್ವಾಗತ! ನಿಮ್ಮ ನೋಂದಣಿ ಅರ್ಧಕ್ಕೆ ನಿಂತಿದೆ. ಪೂರ್ತಿ ಮಾಡಿ" ಎಂದು ಬಂತು. ಧರೆಪ್ಪನಿಗೆ ಅಚ್ಚರಿಯಾಯಿತು. ಹೊಸ್ತಿಲು ತುಳಿದದ್ದೇ ಈಗ, ಮತ್ತೆ ಎಲ್ಲಿಂದ? ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರೂ ಇತ್ತು: ಜಿ. ಡಿ. ಮಗದುಮ್ಮ, ಬೇಡಕಿಹಾಳ. ಅವನ ಅಪ್ಪ ಗಂಗಪ್ಪ. ಆದ್ದರಿಂದ ಅವನು ಡಿ. ಜಿ. ಆದರೆ ರೇಷನ್ ಕಾರ್ಡಿನಿಂದ ಹಿಡಿದು ಸೊಸೈಟಿಯ ಪಾಸ್‌ಬುಕ್ಕಿನವರೆಗೆ ಅವನ ಹೆಸರನ್ನು ಯಾರೂ ನೆಟ್ಟಗೆ ಬರೆದಿರಲಿಲ್ಲ. ಇವರೂ ಹಿಂದುಮುಂದು ಮಾಡಿದ್ದಾರೆ, ಅಷ್ಟೆ. ಆಧಾರ್ ಜೋಡಿಸಿದ ಮೇಲೆ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆಂದು ಕೇಳಿದ್ದ, ಈಗ ಕಣ್ಣಾರೆ ನೋಡಿದ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೇನೋ ಇತ್ತು. ಕನ್ನಡಕ ಹೊಲದ ಶೆಡ್ಡಿನಲ್ಲಿ ಉಳಿದಿತ್ತು. 'ಖಚಿತಪಡಿಸಿ' ಎಂಬುದನ್ನು ಒತ್ತಿ, ಕೆಲಸ ಇಷ್ಟು ಹಗುರವೇ ಎಂದು ಮೀಸೆ ತಿರುವಿ ಎದ್ದ.

ಆಮೇಲೆ ಶುರುವಾಯಿತು ಅವನ ಪೇಚಾಟ. ಪೇಪರು ಓದಲು ಲ್ಯಾಪ್‌ಟಾಪು ತೆರೆದರೆ ಕಬ್ಬಿನ ದರದ ಸುದ್ದಿಯ ಪಕ್ಕ ಓಟದ ಬೂಟು. ಹವಾಮಾನ ನೋಡಿದರೆ ಮೊಣಕಾಲಿನ ಪಟ್ಟಿ. ಇಂದಿನ ಪಂಚಾಂಗದ ಕೆಳಗೆ, ಹೆಂಗಸರು ಓಡುವಾಗ ತೊಡುವ ಬಿಗಿ ಚಡ್ಡಿಗಳ ಸಾಲು. ಯಾರೋ ತನ್ನ ಗುಟ್ಟು ತಿಳಿದು ಚೇಷ್ಟೆ ಮಾಡುತ್ತಿದ್ದಾರೆ ಅನ್ನಿಸಿ ಅವನು ಸುತ್ತ ನೋಡಿದ. ಬೆನ್ನ ಹಿಂದೆಯೇ ಗಿರಿಜವ್ವ ನಿಂತಿದ್ದಳು.

"ಏನ್ರಿ ಅದು? ಪಂಚಾಂಗ ನೋಡ್ತೀನಂದ್ರಿ, ಹೆಣ್ಮಕ್ಕಳ ಚಡ್ಡಿ ನೋಡಾಕತ್ತೀರಿ?"

"ನಾ ಎಲ್ಲಿ ನೋಡಾಕತ್ತೀನಿ? ಅದ ನನ್ನ ನೋಡಾಕತ್ತೈತಿ!"

ಈಗ ಮನೆ ಮೇಲೆ ಕೆಳಗೆ ಆಗುತ್ತದೆಂದು ಧರೆಪ್ಪ ಕಣ್ಣು ಮುಚ್ಚಿ ಕೂತ. ಗಿರಿಜವ್ವ ಬಗ್ಗಿ, ಬೂಟುಗಳ ಚಿತ್ರವನ್ನು ನಿಟ್ಟಿಸಿ ನೋಡಿ, ಮುಖ ಕೆಂಪು ಮಾಡಿಕೊಂಡು, "ಹಾಲ ಉಕ್ಕಾಕತ್ತಾವು" ಎಂದು ಒಳಗೆ ಹೋದಳು. ಲಗ್ನವಾದಂದಿನಿಂದ ಅವಳು ಅರ್ಧಕ್ಕೆ ಬಿಟ್ಟ ಜಗಳ ಅದೊಂದೇ. ಧರೆಪ್ಪನಿಗೆ ಅದರಿಂದ ಸಮಾಧಾನದ ಬದಲು ಭಯವಾಯಿತು.

ಓಟದ ರೂಢಿಗೆಂದು ಅವನು ಬೆಳಗಿನ ಹೊತ್ತು ದೂಧಗಂಗೆಯ ಕಡೆಯ ರಸ್ತೆ ಹಿಡಿಯುತ್ತಿದ್ದ. ಕಬ್ಬಿನ ಮರೆ ಸಿಕ್ಕಲ್ಲಿ ಧೋತರ ಎತ್ತಿ ಕಟ್ಟಿ ಓಡುವುದು, ಎದುರಿಗೆ ಟ್ರ್ಯಾಕ್ಟರು ಕಂಡರೆ ಬೆಳೆ ನೋಡುವವನಂತೆ ನಿಲ್ಲುವುದು. ಒಂದು ದಿನ ಹೀಗೆ ಏದುಸಿರು ಬಿಡುತ್ತ ತಿರುವು ದಾಟಿದರೆ ಎದುರಿನಿಂದ ಗಿರಿಜವ್ವ ಬರುತ್ತಿದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಅವಳಿಗೂ ಉಸಿರು ಹತ್ತಿತ್ತು. ಇಬ್ಬರೂ ನಿಂತರು.

"ಎಮ್ಮಿ ಬಿಚ್ಕೊಂಡ ಹೋಗೈತಿ," ಎಂದ ಧರೆಪ್ಪ. "ಹುಡಕಾಕ ಬಂದೀನಿ."

"ನಾನೂ ಅದನ್ನ ಹುಡಕಾಕತ್ತೀನ್ರಿ," ಎಂದಳು ಗಿರಿಜವ್ವ.

ಇಬ್ಬರೂ ಕೂಡಿಯೇ ಮನೆಗೆ ಬಂದರು. ಎಮ್ಮೆ ಗೂಟದಲ್ಲೇ ನಿಂತು ಮೆಲುಕು ಹಾಕುತ್ತಿತ್ತು. "ಬಂದೈತಿ ನೋಡ್ರಿ ತಾನ," ಎಂದಳು ಗಿರಿಜವ್ವ. "ಶಾಣ್ಯಾ ಐತಿ," ಎಂದ ಧರೆಪ್ಪ. ಇವಳು ನನ್ನ ಮೇಲೆ ಕಣ್ಣಿಟ್ಟು ಹಿಂದೆ ಬಿದ್ದಿದ್ದಾಳೆ ಎಂಬುದು ಅವನಿಗೆ ಖಾತ್ರಿಯಾಯಿತು.

ಓಟದ ರವಿವಾರ ಬಂತು. ಗೊಬ್ಬರ ವಿಚಾರಿಸಲು ನಿಪ್ಪಾಣಿಗೆ ಹೋಗುತ್ತೇನೆಂದು ಧರೆಪ್ಪ ಹೇಳಿದ. ರೂಪಾಲಿಯ ಜೊತೆ ಚಿಕ್ಕೋಡಿಗೆ, ತಂಗಿಯ ಮನೆಗೆ ಹೋಗುತ್ತೇನೆಂದು ಗಿರಿಜವ್ವ ಅದಕ್ಕೂ ಮೊದಲೇ ಹೊರಟುಹೋಗಿದ್ದಳು. ಪೀಡೆ ಕಳೆಯಿತೆಂದು ಧರೆಪ್ಪ ಹಿಗ್ಗಿನಿಂದ ಬಸ್ಸು ಹತ್ತಿದ.

ನಿಪ್ಪಾಣಿಯ ಮೈದಾನದಲ್ಲಿ ಮುದುಕರ ಜಾತ್ರೆಯೇ ನೆರೆದಿತ್ತು. ಪೆಂಡಾಲಿನ ಕೆಳಗೆ ಅಂಗಿ, ನಂಬರು ಹಂಚಲು ಕೂತವನು ದಾದಾಸಾಹೇಬ ಎಂಬ ಕಾರ್ಯಕರ್ತ. ಮೃದು ಮನುಷ್ಯ, ಆದರೆ ಬೆಳಗಿನಿಂದ ಕೂಗಿ ಕೂಗಿ ಅವನ ದನಿ ಬಿದ್ದುಹೋಗಿತ್ತು.

"ಹೆಸರು ಸಾಂಗಾ... ಹೇಳ್ರಿ, ಕಾಕಾ."

"ಧರೆಪ್ಪ ಮಗದುಮ್ಮ. ಬೇಡಕಿಹಾಳ."

ದಾದಾಸಾಹೇಬ ಹುಡುಕಿದ. "ಧರೆಪ್ಪ ಇಲ್ಲರಿ. ಮಗದುಮ್ಮ ಜಿ. ಡಿ. ಅಂತ ಒಂದ ಐತಿ."

"ಅದ ನಾನ. ಉಲ್ಟಾ ಬರದಾರ."

"ಅದು ಹೆಂಗಸರದ್ರಿ. ಗುಲಾಬಿ ಅಂಗಿ, ಮಧ್ಯಮ ಅಳತಿ." ದಾದಾಸಾಹೇಬ ಧರೆಪ್ಪನ ಮೀಸೆ ನೋಡಿದ, ಆಮೇಲೆ ಹೊಟ್ಟೆ ನೋಡಿದ. "ಮತ್ತ ಈಗಷ್ಟ ಒಯ್ದಾರ ಅದನ್ನ."

"ಒಯ್ದಾರ? ನನ್ನ ಹೆಸರಿಲೆ ಯಾರ್ ಒಯ್ದಾರ?" ಧರೆಪ್ಪ ಹೊಲದಲ್ಲಿ ಹಂದಿ ಓಡಿಸುವ ದನಿಯಲ್ಲಿ ಕೂಗಿದ. "ಕಳ್ಳ ಹೊಕ್ಕಾನ ಇಲ್ಲಿ! ಗೇಟ್ ಮುಚ್ಚರಿ! ಗುಲಾಬಿ ಅಂಗಿ ಹಾಕ್ಕೊಂಡಾವರನ್ನ ಒಬ್ಬರನೂ ಬಿಡಬ್ಯಾಡ್ರಿ!"

ಗುಲಾಬಿ ಅಂಗಿಯ ಹೆಂಗಸರೆಲ್ಲ ತಿರುಗಿ ನೋಡಿದರು. ಒಬ್ಬಳು ಮಾತ್ರ ತಿರುಗಲಿಲ್ಲ. ತಿರುಗದಿದ್ದ ಆ ಬೆನ್ನನ್ನು ಧರೆಪ್ಪ ಎಲ್ಲಿಯಾದರೂ ಗುರುತಿಸಬಲ್ಲವನಾಗಿದ್ದ. ಇಳಕಲ್ ಸೀರೆಯ ಮೇಲೆ ಗುಲಾಬಿ ಅಂಗಿ, ಕಾಲಲ್ಲಿ ಬಿಳಿ ಬೂಟು. ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದ ರೂಪಾಲಿ ನೆಲ ನೋಡುತ್ತಿದ್ದಳು.

"ಗಿರಿಜಾ! ನೀ ಚಿಕ್ಕೋಡಿಗೆ ಹೋಗಿದ್ದಿಲ್ಲಾ?"

"ನೀವ್ ಗೊಬ್ಬರ ತರಾಕ ಬಂದಿದ್ದಿಲ್ಲಾ?"

ಹೆಸರು ಕದ್ದವಳು ನೀನೇ ಎಂದು ಅವನು, ನನ್ನ ಹೆಸರು ನಾನು ಕದಿಯೋದೇನು ಎಂದು ಅವಳು. ಜನ ಸುತ್ತುಗಟ್ಟಿದರು. ಕೊನೆಗೆ ರೂಪಾಲಿ ನಡುವೆ ಬಂದು ಕೇಳಿದಳು. "ಮಾವಾರ, ನೀವ್ ನನ್ನ ಲ್ಯಾಪ್‌ಟಾಪಿನ್ಯಾಗ ಹೆಸರು ಹಚ್ಚಿದ್ರೇನು?"

"ಹಚ್ಚೂದೇನ ಬಂತು, ಅದಕ್ಕ ಮೊದಲ ಗೊತ್ತಿತ್ತು."

ರೂಪಾಲಿಗೆ ನಗು ತಡೆಯಲಾಗಲಿಲ್ಲ. "ಅದು ಅತ್ಯಾರದ್ರಿ! ನಾನ ತುಂಬಾಕತ್ತಿದ್ದೆ, ಕರೆಂಟ್ ಹೋಗಿ ನೆಟ್ ನಿಂತಿತು. ಆಮ್ಯಾಲ ಮೊಬೈಲಿಗೆ ಮೆಸೇಜ್ ಬಂತು. ಅತ್ಯಾರ ಒತ್ತ್ಯಾರಂತ ನಾ ತಿಳಕೊಂಡೆ, ನಾ ಒತ್ತೀನಂತ ಅವರ ತಿಳಕೊಂಡ್ರು. ಒತ್ತಿದವರು ನೀವು! ಎಲ್ಲಾ ಕುಕಿ ಕೆಲಸ ಇದು."

"ಬಿಸ್ಕೂಟ ಏನ್ ಕೆಲಸ ಮಾಡತೈತಿ?"

ರೂಪಾಲಿ ಒಂದು ಕ್ಷಣ ಯೋಚಿಸಿದಳು. "ಕಬ್ಬಿನ ಗಾಡಿ ಕಾರಖಾನಿಗೆ ಹೋದಾಗ ಮೊದಲನೇ ಗೇಟಿನ್ಯಾಗ ಚೀಟಿ ಕೊಡ್ತಾರಲ್ರಿ? ಗೇಟಿನಾಂವಗ ಸಾವಿರ ಗಾಡಿ ನೆನಪಿರೂದಿಲ್ಲ. ಮುಂದಿನ ಗೇಟಿಗೆ ಹೋದಾಗ ಅಂವ ಗಾಡ್ಯಾಗ ಕುಂತಾವರ ಮಾರಿ ನೋಡೂದಿಲ್ಲ, ಚೀಟಿ ನೋಡ್ತಾನ. ಆ ಚೀಟಿಗೆ ಕುಕಿ ಅಂತಾರ. ವೆಬ್‌ಸೈಟಿನಾಂವ ಬರದು, ನಮ್ಮ ಲ್ಯಾಪ್‌ಟಾಪಿನ್ಯಾಗ ಇಟ್ಟಿರ್ತಾನ. ಅತ್ಯಾರ ಇಳದ ಗಾಡಿ ನೀವ್ ಹತ್ತಿದ್ರಿ."

ಧರೆಪ್ಪನ ಹುಬ್ಬು ಮೇಲೇರಿತು. "ಅಂದ್ರ ಗಾಡಿ ನಮ್ಮದ. ಹೊಡದಾಂವ ನಾನು. ಚೀಟಿ ಇಕೀದು!"

"ಬರೋಬರ್."

"ಮತ್ತ ಆ ಬೂಟು? ಚಡ್ಡಿ?"

"ಕೆಲವು ಚೀಟಿ ವೆಬ್‌ಸೈಟಿನಾವರದಲ್ಲರಿ, ಜಾಹೀರಾತಿನಾವರದು. ದಾರಿ ಮ್ಯಾಲಿನ ಟೈರ್ ಅಂಗಡಿಯಾಂವ ಎಲ್ಲಾ ಗೇಟಿನ್ಯಾಗೂ ತನ್ನ ಮಂದಿನ್ನ ನಿಲ್ಲಿಸಿದಂಗ. ಈ ಗಾಡಿ ಎಲ್ಲೆಲ್ಲಿ ಹೋತು ಅಂತ ಅವರು ನೋಡ್ತಿರ್ತಾರ, ಹಿಂದ ಟೈರ್ ಮಾರಾಕ ಬರ್ತಾರ."

ಕಬ್ಬು ಸಾಗಿಸಿ ಬೆಳೆದ ಮನುಷ್ಯನಿಗೆ ಇಷ್ಟು ಸಾಕಾಯಿತು. ಹೆಂಡತಿಯ ಕಡೆ ತಿರುಗಿದ. ದನಿ ಇಳಿದಿತ್ತು. "ನನಗ್ಯಾಕ ಹೇಳಲಿಲ್ಲ ನೀ?"

"ನಗ್ತೀರಂತ."

"ನಾನೂ ಅದಕ್ಕ ಹೇಳಲಿಲ್ಲ."

ಗಿರಿಜವ್ವ ಬೂಟಿನ ತುದಿ ನೋಡಿಕೊಂಡಳು. "ಡಾಕ್ಟರ್ ನಿಮಗ ನಡೀರಿ ಅಂದಾಗ ನಾ ಬಾಜೂಕ ಇದ್ದೆ. ನೀವ್ ಒಬ್ಬರ ನಡ್ಯಾವರಲ್ಲ. ನಾ ಓಡಿ ಬಂದ ಮ್ಯಾಲ ಹೇಳಿದ್ರ, ಹಟಕ್ಕ ಬಿದ್ದಾದ್ರೂ ಎದ್ದೇಳ್ತೀರಿ ಅಂದ್ಕೊಂಡೆ."

ಧರೆಪ್ಪ ಅವಳ ಬಿಳಿ ಬೂಟನ್ನೇ ನೋಡಿದ. ಮೀಸೆ ಮುಟ್ಟಿಕೊಂಡ. ಅಷ್ಟರಲ್ಲಿ ಓಟದ ಸೀಟಿ ಊದಿದರು.

ನೋಂದಣಿ ಮುಗಿದಿತ್ತು, ಅವನಿಗೆ ನಂಬರು ಸಿಗುವಂತಿರಲಿಲ್ಲ. ದಾದಾಸಾಹೇಬ ಬಾಳೆಹಣ್ಣಿನ ಬುಟ್ಟಿ ಕೈಗಿತ್ತು, ಅರ್ಧ ದಾರಿಯಲ್ಲಿ ನಿಂತು ಹಂಚಿರಿ ಎಂದ. ಧರೆಪ್ಪ ನಿಂತ. ಮೊದಲು ಗಂಡಸರು ಹೋದರು, ಆಮೇಲೆ ಗುಲಾಬಿ ಅಂಗಿಗಳು. ಗಿರಿಜವ್ವ ಒಂದು ಕೈಯಲ್ಲಿ ನಿರಿಗೆ ಹಿಡಿದು, ತೆಗ್ಗಿನ ನೀರು ದಾಟುವವಳಂತೆ ದಾಪುಗಾಲು ಹಾಕುತ್ತ ಬಂದಳು. ಅವಳ ಹಿಂದೆ ರಾಯಬಾಗದ ಕಡೆಯ ಒಬ್ಬ ಕಟ್ಟುಮಸ್ತಾದ ಹೆಂಗಸು ಹತ್ತಿರವಾಗುತ್ತಿದ್ದಳು. ಧರೆಪ್ಪ ಬುಟ್ಟಿಯನ್ನು ಪಕ್ಕದವನ ತಲೆಯ ಮೇಲೆ ಇಟ್ಟವನೇ, ಹಗ್ಗದ ಆಚೆ, ರಸ್ತೆಯ ಅಂಚಿನಲ್ಲಿ ಹೆಂಡತಿಯ ಸರಿಸಮ ಓಡತೊಡಗಿದ.

"ನಡಿ ಗಿರಿಜಾ! ಹಿಂದ ನೋಡಬ್ಯಾಡ! ಬಂದ್ಲು, ಬಂದ್ಲು!"

"ನೀವ್ ಸುಮ್ನ ಓಡ್ರಿ! ಮಾತಾಡಿದ್ರ ದಮ್ಮ ಹತ್ತತೈತಿ!"

ರಾಯಬಾಗದವಳು ಮುಂದೆ ಹೋಗಿಯೇ ಬಿಟ್ಟಳು. ಗಿರಿಜವ್ವ ನಾಲ್ಕನೆಯವಳಾಗಿ ಗುರಿ ಮುಟ್ಟಿದಳು. ಧರೆಪ್ಪ ಗುರಿಯ ಆಚೆ ಹುಲ್ಲಿನ ಮೇಲೆ ಅಂಗಾತ ಬಿದ್ದು, ಆಕಾಶ ನೋಡುತ್ತ, ತಾನೇ ಗೆದ್ದವನಂತೆ ನಗುತ್ತಿದ್ದ.

ಊರಿಗೆ ಬಂದವನಿಗೆ ಹೊಸ ಜ್ಞಾನ ಸುಮ್ಮನೆ ಇರಗೊಡಲಿಲ್ಲ. ಹಳೆ ಚೀಟಿಗಳನ್ನು ಹರಿಯುವುದು ಹೇಗೆಂದು ರೂಪಾಲಿಯನ್ನು ಕೇಳಿ ತಿಳಿದುಕೊಂಡ. ಮರುದಿನ ಅವಳು ಶಾಲೆಗೆ ಹೋದ ಮೇಲೆ ಲ್ಯಾಪ್‌ಟಾಪು ತೆರೆದು, 'ಎಲ್ಲ ಕುಕೀಸ್ ಅಳಿಸು' ಎಂಬುದನ್ನು ಸಂತೋಷದಿಂದ ಒತ್ತಿದ. ಸಂಜೆ ಪಡಸಾಲೆಯಿಂದ ಕೂಗು ಬಂತು.

"ಮಾವಾರ! ನನ್ನ ಮೇಲ್ ಹೋತು, ಶಾಲಿ ಪೋರ್ಟಲ್ ಹೋತು, ಎಲ್ಲಾ ನನ್ನ ಯಾರು ನೀನು ಅಂತ ಕೇಳಾಕತ್ತಾವು! ಪಾಸ್‌ವರ್ಡ್ ಒಂದೂ ನೆನಪಿಲ್ಲ!"

ಧರೆಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯ ಮುಖ ನೋಡಿದ. ಗಿರಿಜವ್ವ ರೊಟ್ಟಿಯ ಹಿಟ್ಟು ಮುಚ್ಚಿಟ್ಟು, ಬಿಳಿ ಬೂಟು ಹಾಕಿಕೊಂಡಳು.

"ನಡೀರಿ, ಒಂದ ಸುತ್ತ ಹೋಗಿ ಬರೂಣು. ಅಷ್ಟೊತ್ತಿಗೆ ಅಕಿಗೆ ನೆನಪ ಆಗ್ತಾವು."

ಹಿತ್ತಲ ಬಾಗಿಲಿನಿಂದ ಇಬ್ಬರೂ ಮೆಲ್ಲನೆ ಹೊರಬಿದ್ದರು. ಚಹಾದಂಗಡಿಯ ಕಟ್ಟೆಯ ಮುಂದೆ ಮಾತ್ರ ಧರೆಪ್ಪ ಬೇಕೆಂದೇ ನಿಧಾನವಾಗಿ, ಎದೆ ಮುಂದೆ ಮಾಡಿ ನಡೆದ.